ಸಂಡೂರು ಎಷ್ಟು ದೂರ?

ಸಿನಿಮಾ ನೋಡಿ ಮುಗಿಸಿದ ಮೇಲೆ ನಮ್ಮಪ್ಪ ಆಡಿದ್ದು ಎರಡೇ ಮಾತು. ಮೊದಲನೆಯದು, "ಅದು ಟೂ ಸ್ಟ್ರೋಕ್ ಇಂಜಿನ್ ಬಿಡವ್ವ, ಸದ್ದಿನಾಗೇ ಗೊತ್ತಾಗತೈತಿ." ಎರಡನೆಯದನ್ನು ಆಮೇಲೆ ಹೇಳುತ್ತೇನೆ.

ಸಿನಿಮಾ ‘ಫ್ಲೈ ಅವೇ ಹೋಮ್’, 1996ರದು. ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಹಕ್ಕಿಗಳ ವಲಸೆಯ ಬಗ್ಗೆ ಏನಾದರೂ ತೋರಿಸೋಣವೆಂದು ಹುಡುಕುವಾಗ ಸಿಕ್ಕಿತ್ತು. ಒಂದು ಶನಿವಾರ ಬೆಳಗಿನ ಸಾಲಿ ಬಿಟ್ಟಮೇಲೆ ಕಿಟಕಿಗೆ ಜಮಖಾನ ಕಟ್ಟಿ, ಪ್ರೊಜೆಕ್ಟರ್ ಹಚ್ಚಿ, ಎಂಟನೇ ಕ್ಲಾಸಿನವರನ್ನು ಕೂರಿಸಿದೆ. ಇಂಗ್ಲಿಷ್ ತಿಳಿಯದ ಕಡೆ ನಿಲ್ಲಿಸಿ ಹೇಳೋಣ ಎಂದುಕೊಂಡಿದ್ದೆ. ಅಂಥ ಪ್ರಸಂಗ ಬಹಳ ಬರಲಿಲ್ಲ.

ಕಥೆ ಇಷ್ಟು. ಏಮಿ ಎಂಬ ಹದಿಮೂರರ ಹುಡುಗಿ ನ್ಯೂಜಿಲೆಂಡಿನಲ್ಲಿ ತಾಯಿಯ ಜೊತೆ ಇರುತ್ತಾಳೆ. ಮಳೆಯಲ್ಲಿ ಕಾರು ಪಲ್ಟಿ ಹೊಡೆದು ತಾಯಿ ಸಾಯುತ್ತಾಳೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ಎದುರಿಗೆ ವರ್ಷಗಟ್ಟಲೆ ಮುಖ ಕಾಣದ ಅಪ್ಪ. ಅವನು ಕೆನಡಾದ ಒಂಟಾರಿಯೊದಲ್ಲಿ ಒಂದು ಹೊಲಮನೆಯಲ್ಲಿ ಒಂದಲ್ಲ ಒಂದು ಹುಚ್ಚು ಯಂತ್ರ ಕಟ್ಟಿಕೊಂಡಿರುವ ಆಸಾಮಿ. ಚಂದ್ರನ ಮೇಲಿಳಿದ ನೌಕೆಯದೊಂದು ಪ್ರತಿಯನ್ನೂ ಮಾಡಿಟ್ಟುಕೊಂಡಿದ್ದಾನೆ. ಮಗಳು ಅವನ ಜೊತೆ ಮಾತಾಡುವುದಿಲ್ಲ. ಪಕ್ಕದ ಜೌಗಿಗೆ ಬುಲ್ಡೋಜರ್ ನುಗ್ಗಿ ಹೆಬ್ಬಾತುಗಳು ಮೊಟ್ಟೆ ಬಿಟ್ಟು ಓಡಿಹೋದಾಗ ಅವಳು ಆ ಮೊಟ್ಟೆಗಳನ್ನು ಆರಿಸಿ ತಂದು, ಹಳೇ ಡ್ರಾಯರಿನಲ್ಲಿ ಬಟ್ಟೆ ಹಾಸಿ, ಬಲ್ಬಿನ ಶಾಖಕ್ಕೆ ಇಡುತ್ತಾಳೆ.

ಈ ಜಾಗಕ್ಕೆ ಬಂದಾಗ ನನ್ನ ಕ್ಲಾಸು ಎದ್ದು ಕೂತಿತು. ಕಾವು ಕೂರಿಸುವುದು ನಮ್ಮ ಮಕ್ಕಳಿಗೆ ಪಾಠವಲ್ಲ, ಮನೆಗೆಲಸ. "ಮಿಸ್, ಬಲ್ಬ್ ಬಾಳ ಹತ್ರ ಐತಿ, ಬೇಯ್ತಾವು" ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ. ಬೇಯಲಿಲ್ಲ. ಹದಿನಾರು ಮರಿ ಒಡೆದು ಬಂದವು.

ಒಡೆದು ಬಂದ ಮರಿಗಳು ಏಮಿಯ ಬೆನ್ನು ಬಿಡುವುದಿಲ್ಲ. ಇದು ಸಿನಿಮಾದವರು ಕಟ್ಟಿದ್ದಲ್ಲ. ಮೊಟ್ಟೆಯಿಂದ ಬಂದ ಬಾತಿನ ಮರಿ ಮೊದಲ ಕೆಲವು ತಾಸುಗಳಲ್ಲಿ ತನ್ನೆದುರು ಓಡಾಡುವುದನ್ನೇ ತಾಯಿ ಎಂದು ಮನಸ್ಸಿಗೆ ಒತ್ತಿಕೊಂಡುಬಿಡುತ್ತದೆ. ಇದನ್ನು ಆಳವಾಗಿ ಅಭ್ಯಾಸ ಮಾಡಿದವನು ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್. ಅವನ ಹಿಂದೆ ಬಾತುಮರಿಗಳು ಸಾಲಾಗಿ ನಡೆಯುವ ಫೋಟೊ ನೀವೂ ನೋಡಿರಬಹುದು. 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವನೊಬ್ಬ. ತೊಡಕು ಬರುವುದು ಮುಂದೆ. ಹಾರುವುದು ಹೆಬ್ಬಾತಿಗೆ ಹುಟ್ಟಿನಿಂದ ಬರುತ್ತದೆ. ಚಳಿಗಾಲಕ್ಕೆ ಎಲ್ಲಿಗೆ ಹೋಗಬೇಕು, ಯಾವ ಹಾದಿ, ಎಲ್ಲಿ ಇಳಿಯಬೇಕು ಎಂಬುದು ಬರುವುದಿಲ್ಲ. ಅದನ್ನು ಹಿರಿಯ ಹಕ್ಕಿಗಳೇ ಒಮ್ಮೆ ಜೊತೆಗೆ ಹಾರಿ ತೋರಿಸಬೇಕು. ಏಮಿಯ ಮರಿಗಳಿಗೆ ಹಾಗೆ ತೋರಿಸುವವರು ಯಾರೂ ಇಲ್ಲ.

ಅಪ್ಪ ಪುಟ್ಟ ವಿಮಾನ ಕಟ್ಟುತ್ತಾನೆ. ಮರಿಗಳು ಅವನನ್ನು ಕ್ಯಾರೇ ಅನ್ನುವುದಿಲ್ಲ, ಏಮಿ ಹಾರಿದರೆ ಮಾತ್ರ ಹಾರುತ್ತವೆ. ಹಾಗಾಗಿ ಮಗಳಿಗೂ ಒಂದು ವಿಮಾನ ಆಯಿತು. ಒಂಟಾರಿಯೊ ಸರೋವರ ದಾಟಿ, ಅಮೆರಿಕದ ವಾಯುಪಡೆಯ ನೆಲೆಯಲ್ಲಿ ಹೇಳದೆ ಕೇಳದೆ ಇಳಿದು, ಬಾಲ್ಟಿಮೋರ್ ಪಟ್ಟಣದ ಮಂಜಿನಲ್ಲಿ ಎತ್ತರದ ಕಟ್ಟಡಗಳ ಸಂದಿಯಲ್ಲಿ ನುಸುಳಿ ಇಬ್ಬರೂ ದಕ್ಷಿಣಕ್ಕೆ ಹಾರುತ್ತಾರೆ. ಕೊನೆಯ ಹಂತದಲ್ಲಿ ಅಪ್ಪನ ವಿಮಾನ ಜೋಳದ ಹೊಲಕ್ಕೆ ಬಿದ್ದು ಅವನ ಭುಜ ಜಾರುತ್ತದೆ. ಉಳಿದದ್ದನ್ನು ಒಬ್ಬಳೇ ಹಾರಬೇಕು.

ನಿಜದಲ್ಲಿ ನಡೆದದ್ದು ಸ್ವಲ್ಪ ಬೇರೆ. ಬಿಲ್ ಲಿಶ್‌ಮನ್ ಎಂಬ ಒಂಟಾರಿಯೊದ ಶಿಲ್ಪಿ, ನೆಲದೊಳಗೆ ಮನೆ ಕಟ್ಟಿಕೊಂಡಿದ್ದವನು, 1988ರಲ್ಲಿ ಮೊದಲ ಸಲ ಹೆಬ್ಬಾತುಗಳನ್ನು ಬೆನ್ನಿಗೆ ಹಾಕಿಕೊಂಡು ಹಾರಿದ. 1993ರಲ್ಲಿ ಗೆಳೆಯ ಜೋ ಡಫ್ ಜೊತೆ 18 ಹಕ್ಕಿಗಳನ್ನು ಅಮೆರಿಕದ ವರ್ಜೀನಿಯಾಕ್ಕೆ ಮುಟ್ಟಿಸಿದ. ಮುಂದೆ ಇದೇ ಉಪಾಯದಿಂದ, 1940ರ ದಶಕದಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದ ವೂಪಿಂಗ್ ಕ್ರೇನ್ ಕೊಕ್ಕರೆಗಳ ಮರಿಗಳಿಗೆ 2001ರಿಂದ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾದ ಹಾದಿ ತೋರಿಸಿದರು. ಆದರೆ ಮುನಿದ ಮಗಳು, ಸತ್ತ ತಾಯಿ, ಇವೆಲ್ಲ ಚಿತ್ರಕಥೆಯವರು ಹೆಣೆದದ್ದು. ನಿಜದ ಸಾಹಸಕ್ಕಿಂತ ಹೆಣೆದದ್ದೇ ನನ್ನನ್ನು ಹಿಡಿಯಿತು ಎಂದರೆ ವಿಜ್ಞಾನದ ಟೀಚರಿಗೆ ಶೋಭೆಯಲ್ಲ, ಇರಲಿ.

ಹಿಡಿದದ್ದಕ್ಕೆ ಕಾರಣವಿದೆ. ನಾನು ಬೆಳೆದದ್ದು ಕೊಟ್ಟೂರಿನಲ್ಲಿ, ಅವ್ವನ ತವರಿನಲ್ಲಿ. ಅಪ್ಪ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದ. ಅದಿರಿಗೆ ಬಂಗಾರದ ಬೆಲೆ ಬಂದ ಕಾಲ. ಡ್ರೈವರುಗಳು ಹೆಂಡತಿ ಮಕ್ಕಳನ್ನಷ್ಟೇ ಅಲ್ಲ, ಹಗಲು ರಾತ್ರಿಯನ್ನೂ ಮರೆತಿದ್ದರು. ಅವ್ವನಿಗೂ ಅವನಿಗೂ ಏನಾಯಿತೋ, ನನಗೆ ಯಾರೂ ಹೇಳಲಿಲ್ಲ. ಮೊದಮೊದಲು ಕೊಟ್ಟೂರೇಶ್ವರನ ತೇರಿಗೆ ಬಂದು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಹೋಗುತ್ತಿದ್ದ. ಅವನ ಅಂಗಿಯ ಹೊಲಿಗೆಯಲ್ಲೆಲ್ಲ ಕೆಂಪು ಧೂಳು ಕೂತಿರುತ್ತಿತ್ತು, ಒಗೆದರೂ ಹೋಗದ್ದು. ಆಮೇಲೆ ತೇರಿಗೂ ಬರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು, ಅಪ್ಪ ತನ್ನೂರು ಹಗರಿಬೊಮ್ಮನಹಳ್ಳಿಗೆ ಮರಳಿದ. ಆಗ ನನಗೆ ಹದಿನೈದು.

ನೌಕರಿ ಬಂದದ್ದು ಅದೇ ತಾಲ್ಲೂಕಿಗೆ. ಅಪ್ಪ ಈಗ ಬಾಡಿಗೆಗೆ ಟಾಟಾ ಏಸ್ ಓಡಿಸುತ್ತಾನೆ. ಉಳ್ಳಾಗಡ್ಡಿ, ಮೆಕ್ಕೆಜೋಳ, ಒಮ್ಮೊಮ್ಮೆ ಹಡಗಲಿಯ ಮಲ್ಲಿಗೆ. ಗ್ಯಾಸ್ ಸಿಲಿಂಡರ್ ತಂದು ನನ್ನ ಬಾಗಿಲಲ್ಲಿಟ್ಟು, "ಉಂಡೀಯೇನವ್ವ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ. ಮೂರು ವರ್ಷ ನಮ್ಮ ಮಾತು ಸಿಲಿಂಡರಿನಿಂದ ಸಿಲಿಂಡರಿಗೆ.

ಸಿನಿಮಾದಲ್ಲಿ ಏಮಿ ಒಮ್ಮೆ ಕೇಳಿಯೇ ಬಿಡುತ್ತಾಳೆ, ಯಾಕೆ ನನ್ನನ್ನು ನೋಡಲು ಬರಲಿಲ್ಲ ಎಂದು. ನ್ಯೂಜಿಲೆಂಡ್ ಬಹಳ ದೂರ ಎನ್ನುತ್ತಾನೆ ಅಪ್ಪ. ಆ ನೆಪ ಅವಳು ಒಪ್ಪುವುದಿಲ್ಲ. ನಾನು ಕತ್ತಲ ಕೋಣೆಯಲ್ಲಿ, ನಲವತ್ತು ಮಕ್ಕಳ ನಡುವೆ ನಿಂತು ಲೆಕ್ಕ ಹಾಕಿದೆ: ಕೊಟ್ಟೂರಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ಸಂಡೂರು. ಎರಡು ಬಸ್ಸು.

ಚಿತ್ರದ ಜಾಣತನವೆಂದರೆ ಈ ಪ್ರಶ್ನೆಯನ್ನು ಅದು ಮೊದಲಿಗೇ ಕೇಳಿಸುವುದಿಲ್ಲ. ಅಷ್ಟು ಹೊತ್ತಿಗೆ ಇಬ್ಬರಿಗೂ ಮಾತಾಡಲು ಬೇರೆ ವಿಷಯ ಸಿಕ್ಕಿರುತ್ತದೆ. ಗಾಳಿ ಯಾವ ಕಡೆ, ರೆಕ್ಕೆ ಎಷ್ಟು ಬಾಗಬೇಕು, ಕುಂಟು ಮರಿಯನ್ನು ಯಾರು ಹೊರುವುದು. ಮುಖ ನೋಡಲಾಗದವರು ಇಬ್ಬರೂ ಒಂದೇ ಕಡೆ ನೋಡುತ್ತಾ ಹತ್ತಿರವಾಗುತ್ತಾರೆ. ನಿರ್ದೇಶಕ ಕ್ಯಾರಲ್ ಬಲ್ಲಾರ್ಡ್ ಇದಕ್ಕೆ ಮೊದಲು ‘ದ ಬ್ಲ್ಯಾಕ್ ಸ್ಟ್ಯಾಲಿಯನ್’ನಲ್ಲಿ ಒಬ್ಬ ಹುಡುಗ ಮತ್ತು ಕುದುರೆಯನ್ನಿಟ್ಟುಕೊಂಡು ಮಾತಿಲ್ಲದೆ ಕಥೆ ಹೇಳಿದವನು; ಇಲ್ಲೂ ಅವನು ಮಾತನ್ನು ನಂಬಿ ಕೂತಿಲ್ಲ.

ನಮ್ಮ ಸಿನಿಮಾಗಳಲ್ಲಿ ಅಪ್ಪ ಮಗಳು ಅಂದರೆ ನನಗೆ ನೆನಪಾಗುವುದು ಧಾರೆಮಂಟಪ, ಅಪ್ಪನ ಅಳು. ಪ್ರಕಾಶ್ ರೈ ಅವರ ‘ನಾನು ನನ್ನ ಕನಸು’ (2010) ಅದನ್ನು ನಗಿಸುತ್ತಲೇ ಹೇಳಿತು, ಆದರೆ ಅದು ಮಗಳನ್ನು ಕೈಬಿಡಲಾರದ ಅಪ್ಪನ ಕಥೆ. ನಮ್ಮೂರಿನವರೇ ಆದ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ (1994) ದಲಿತ ಹುಡುಗನೊಬ್ಬನ ಓದಿನದು. ವಿಜಯ ರಾಘವೇಂದ್ರರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಕೊಟ್ಟೂರಿನಲ್ಲಿ ಓಣಿಗೆ ನಾಲ್ಕು ಕೊಟ್ರೇಶಿಗಳು, ಆರು ಕೊಟ್ರಮ್ಮಗಳು. ಕೊಟ್ರಮ್ಮನ ಕನಸನ್ನು ಯಾರೂ ತೆಗೆದಹಾಗಿಲ್ಲ. ‘777 ಚಾರ್ಲಿ’ (2022) ಒಬ್ಬ ಒಂಟಿ ಮನುಷ್ಯನನ್ನು ನಾಯಿಯ ಜೊತೆ ಹಿಮದವರೆಗೆ ಕಳಿಸಿತು. ಅಪ್ಪ ಮಗಳಿಗೆ ಅಂಥದ್ದೊಂದು ಹಾದಿ ಕೊಟ್ಟ ಕನ್ನಡ ಚಿತ್ರ ನಾನು ನೋಡಿದ್ದರಲ್ಲಿ ಇಲ್ಲ.

ಸಿನಿಮಾ ಮುಗಿದ ಮೇಲೆ ಮಕ್ಕಳು ಎದ್ದು ಹೋಗಲಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಅಪ್ಪ ಅವ್ವ ಗುಳೆ ಹೋಗಿರುತ್ತಾರೆ, ಬೆಂಗಳೂರಿನ ಕಟ್ಟಡಗಳಿಗೋ ಮಲೆನಾಡಿನ ಕಾಫಿ ತೋಟಗಳಿಗೋ. ಹರಪನಹಳ್ಳಿ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದು ಓದುವ ಒಬ್ಬ ಹುಡುಗಿ ಕೇಳಿದಳು: "ಆ ಹಕ್ಕಿ ಮುಂದಿನ ವರ್ಷ ತಾವೇ ತಿರುಗಿ ಬರ್ತಾವೇನ್ರಿ ಮಿಸ್?" ಬರುತ್ತವೆ ಎಂದೆ. ಒಮ್ಮೆ ಹೋದ ಹಾದಿ ಹೆಬ್ಬಾತು ಮರೆಯುವುದಿಲ್ಲ. ಅವಳು ತಲೆಯಾಡಿಸಿದಳು.

ಹೆಬ್ಬಾತು ನೋಡಲು ಕೆನಡಾಕ್ಕೆ ಹೋಗಬೇಕಿಲ್ಲ. ಹಡಗಲಿ ದಾಟಿದರೆ ನದಿಯಾಚೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು 7,000 ಮೀಟರಿಗೂ ಮೇಲೆ ದಾಟಬಲ್ಲ ಹಕ್ಕಿಗಳು, ನಮ್ಮವರ ಶೇಂಗಾ ಹೊಲಕ್ಕೆ ಇಳಿಯುತ್ತವೆ. ನಮ್ಮ ತಾಲ್ಲೂಕಿನ ಅಂಕಸಮುದ್ರದ ಕೆರೆಯೂ ಕಡಿಮೆಯದಲ್ಲ. 98.76 ಹೆಕ್ಟೇರಿನಲ್ಲಿ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಸಂಸಾರವೇ ಸಂಸಾರ. 30,000ಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಅದು ನೆಲೆ. 2024ರಲ್ಲಿ ಎರಡೂ ಕೆರೆಗಳು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದವು.

ಮುಂದಿನ ಸಿಲಿಂಡರ್ ಬಂದಾಗ, ಮಾಗಡಿ ಕೆರೆಗೆ ಬಾಡಿಗೆ ಎಷ್ಟು ಎಂದು ಕೇಳಿದೆ. ಅಪ್ಪ ನನ್ನ ಮುಖ ನೋಡಿದ. "ಡೀಸೆಲ್ ಹಾಕ್ಸು, ಸಾಕು."

ಸಂಕ್ರಾಂತಿ ಕಳೆದ ಭಾನುವಾರ ಹೊರಟೆವು. ಮದಲಗಟ್ಟಿ ಸೇತುವೆ ದಾಟುವವರೆಗೆ ಮಾತಿಲ್ಲ. ಕೆರೆ ಮುಟ್ಟಿದಾಗ ಹೊತ್ತು ಇಳಿದಿತ್ತು. ನೀರಿನ ಮೇಲೆ ಬೂದಿ ಚೆಲ್ಲಿದ ಹಾಗೆ ಹಕ್ಕಿ. ಹೋಗಿ ನಿಂತು ಫೋನ್ ತೆಗೆದೆ. "ತಡಿ, ಈಗಲ್ಲ," ಎಂದ ಅಪ್ಪ. "ಇವು ರಾತ್ರಿ ಮೇಯ್ತಾವು. ಮಬ್ಬಾದ ಮ್ಯಾಲೆ ಏಳ್ತಾವು." ಅವನಿಗೆ ಹೇಗೆ ಗೊತ್ತು? ರಾತ್ರಿ ಲಾರಿ ಓಡಿಸುವಾಗ ಈ ಸೀಮೆಯ ಹೊಲಗಳಲ್ಲಿ ಕೂಗು ಕೇಳಿದ್ದನಂತೆ. ಇಂಜಿನ್ ಬಂದ್ ಮಾಡಿ, ಬೀಡಿ ಹಚ್ಚಿ, ಎಷ್ಟೋ ಹೊತ್ತು ನಿಂತಿರುತ್ತಿದ್ದನಂತೆ. ಮಬ್ಬಾಯಿತು. ಒಂದು ಎದ್ದಿತು, ಹಿಂದೆ ಹತ್ತು, ಆಮೇಲೆ ಎಣಿಸಲಾಗಲಿಲ್ಲ. ಫೋಟೊ ಒಂದೂ ಬರಲಿಲ್ಲ.

ಆ ರಾತ್ರಿ ನನ್ನ ಮನೆಯಲ್ಲಿ ರೊಟ್ಟಿ ಉಂಡು, ಫೋನನ್ನು ತಂಬಿಗೆಗೆ ಆನಿಸಿಟ್ಟುಕೊಂಡು ಅಪ್ಪ ಸಿನಿಮಾ ಪೂರ್ತಿ ನೋಡಿದ. ಇಂಜಿನ್ನಿನ ಮಾತು ಆಗ ಆಡಿದ್ದು. ಎರಡನೆಯದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ.

"ಕೊನೀಗೆ ಒಬ್ಬಾಕೀನ್ನೇ ಕಳಿಸಬಾರದಿತ್ತು ಅವನು."

"ಆಕಿ ಮುಟ್ಟಿದ್ಲಲ್ಲಪ್ಪ," ಎಂದೆ.

"ಮುಟ್ಟಿದ್ಲು ಬಿಡು. ಆದ್ರೂ."