ದುಡಿಯುವವನಿಗೂ ಸ್ಪ್ಯಾನಿಷ್ ವಿದ್ಯೆ

ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದವರು ನಮ್ಮ ವಾಚಕರಲ್ಲಿ ಹಲವರಿರುವರು. ಅದರಾಚೆಯ ವಿದ್ಯೆ ತಮಗಲ್ಲವೆಂದು ಅವರು ಭಾವಿಸುವುದುಂಟು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಾವೂ ಹಾಗೆಯೇ ಭಾವಿಸಿದ್ದೆವು.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ಈ ಭಾವನೆಯನ್ನು ಸುಳ್ಳಾಗಿಸಿದೆ. 1969ರಲ್ಲಿ ರಾಜಸನ್ನದು ಪಡೆದ ಅದು 1971ರಲ್ಲಿ ಪಾಠಗಳನ್ನು ಆರಂಭಿಸಿತು. ಅದಕ್ಕಾಗಿ ಶ್ರಮಿಸಿದ ಸಚಿವೆ ಜೆನ್ನಿ ಲೀ ಗಣಿಕಾರ್ಮಿಕನ ಮಗಳು. ಹಿಂದಿನ ಅಂಕಪಟ್ಟಿಯನ್ನು ಕೇಳದೆ ಬಿ.ಎ.ಗೆ ಸೇರಿಸಿಕೊಳ್ಳುವುದು ಅದರ ನೀತಿ. ಆನರ್ಸ್ ಪದವಿಗೆ 360 ಕ್ರೆಡಿಟ್‌ಗಳು ಬೇಕು. ಉದ್ಯೋಗದಲ್ಲಿದ್ದುಕೊಂಡು ವರ್ಷಕ್ಕೆ 60ರಂತೆ ಗಳಿಸಿದರೆ ಆರು ವರ್ಷ.

ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳನ್ನು ಒಂದುಗೂಡಿಸಿದ ಪದವಿಯಲ್ಲಿ ಸ್ಪ್ಯಾನಿಷ್ ಭಾಷೆಯನ್ನೂ ಕಲಿಯಲು ಅದು ಅವಕಾಶ ಕಲ್ಪಿಸಿತು. ಈ ಜೋಡಣೆ ಸಕಾರಣವಾದುದು. ಸೆರ್ವಾಂಟೆಸನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ 1605ರ ಭಾಗದಲ್ಲಿ ಸೆರೆಯಾಳೊಬ್ಬನ ಕಥೆ ಬರುತ್ತದೆ. ಲೇಖಕನೇ 1575ರಿಂದ 1580ರವರೆಗೆ ಆಲ್ಜಿಯರ್ಸಿನಲ್ಲಿ ಸೆರೆಯಲ್ಲಿದ್ದನು. ಬರಿಯ ವ್ಯಾಕರಣ ಬಲ್ಲವನಿಗೆ ಆ ಕಥೆ ಅರ್ಧವಷ್ಟೇ ದಕ್ಕೀತು. ಆ ಕಾಲದ ಇತಿಹಾಸವನ್ನೂ ಅರಿತವನಿಗೆ ಪೂರ್ಣವಾಗಿ ದಕ್ಕುವುದು. ಅಷ್ಟೇಕೆ, ನಮ್ಮ ಸಾಂಬಾರಿನ ಟೊಮೇಟೊ ಸಹ ಮೆಕ್ಸಿಕೋದ ನಹುವಾಟಲ್ ನುಡಿಯ ‘ಟೊಮಾಟ್ಲ್’. ಸ್ಪೇನಿನವರ ಬಾಯಲ್ಲಿ ‘ಟೊಮಾಟೆ’ಯಾಗಿ ಲೋಕ ಸುತ್ತಿತು. ಒಂದು ಪದದೊಳಗೆ ಒಂದು ಸಾಮ್ರಾಜ್ಯದ ಚರಿತ್ರೆಯೇ ಅಡಗಿದೆ!

ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರುಂಟು. ಹೊಟ್ಟೆಗೆ ದುಡಿಮೆ ಇದೆ. ಬುದ್ಧಿಗೂ ಹಸಿವುಂಟೆಂಬುದನ್ನು ಮರೆಯಲಾಗದು. ಹೈದರಾಬಾದಿನಲ್ಲಿ 1982ರಲ್ಲಿಯೂ ದಿಲ್ಲಿಯಲ್ಲಿ 1985ರಲ್ಲಿಯೂ ಮುಕ್ತ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಸ್ಪ್ಯಾನಿಷ್ ಆಗಲಿ, ಬೇರೆ ವಿದ್ಯೆಯಾಗಲಿ, ಬಿಟ್ಟ ಪುಸ್ತಕವನ್ನು ನಮ್ಮ ಬಂಧುಗಳು ಮರಳಿ ಕೈಗೆತ್ತಿಕೊಳ್ಳಲೆಂಬುದೇ ನಮ್ಮ ಹಾರೈಕೆ.