ಎತ್ತರಿಸಿದ ಪಿಕಪ್ ಏಕೆ ಕುಲುಕುತ್ತದೆ?

ಅಮೆರಿಕದ ರಸ್ತೆಗಳ ಚಿತ್ರಗಳಲ್ಲಿ, ಭಾರೀ ಚಕ್ರಗಳ ಮೇಲೆ ಎತ್ತರವಾಗಿ ನಿಂತ ಪಿಕಪ್ ಟ್ರಕ್ಕುಗಳನ್ನು ನೀವು ನೋಡಿರಬಹುದು. ಕಲ್ಲು, ಕೆಸರುಗಳ ದಾರಿಯಲ್ಲಿ ತಳ ತಗಲದಿರಲೆಂದು ಅಲ್ಲಿನ ಮಾಲೀಕರು ವಾಹನದ ಒಡಲನ್ನು ನಾಲ್ಕಾರು ಇಂಚು ಮೇಲೆತ್ತಿಸುವುದುಂಟು. ಆದರೆ ಅನಂತರ ರಸ್ತೆಯ ಸಣ್ಣ ಉಬ್ಬು ಕೂಡ ಒಳಗೆ ಕುಳಿತವರ ಬೆನ್ನಿಗೆ ಏಟಿನಂತೆ ತಗಲುತ್ತದೆ ಎಂಬ ದೂರು ಸಾಮಾನ್ಯ. ಇದೇಕೆ? ಸರಿಪಡಿಸುವುದು ಹೇಗೆ? ಇದನ್ನು ಅರಿಯಲು ಪಿ.ಯು.ಸಿ. ತರಗತಿಯ ಭೌತಶಾಸ್ತ್ರವೇ ಸಾಕು.

ಸ್ಪ್ರಿಂಗ್ ಮತ್ತು ಹೊರೆ

ಪಿಕಪ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು ಸ್ಪ್ರಿಂಗ್ ಇರುತ್ತದೆ. ನಮ್ಮ ಲಾರಿಗಳಲ್ಲಿಯೂ ಇದನ್ನು ಕಾಣಬಹುದು. ಹೆಚ್ಚು ಹೊರೆ ತಾಳಬೇಕಾದ್ದರಿಂದ ಇದು ಗಡುಸಾಗಿರುತ್ತದೆ.

ಹಿಂಬದಿಯ ಎರಡೂ ಸ್ಪ್ರಿಂಗ್‌ಗಳ ಒಟ್ಟು ಬಲಸ್ಥಿರಾಂಕ ಮೀಟರಿಗೆ 1,20,000 ನ್ಯೂಟನ್ ಎಂದಿಟ್ಟುಕೊಳ್ಳಿ. ಖಾಲಿ ವಾಹನದಲ್ಲಿ ಅವುಗಳ ಮೇಲಿನ ದ್ರವ್ಯರಾಶಿ 600 ಕಿ.ಗ್ರಾಂ. ಇರಲಿ. ಉಬ್ಬೊಂದು ಸ್ಪ್ರಿಂಗನ್ನು ಥಟ್ಟನೆ 2 ಸೆಂ.ಮೀ. ಅದುಮಿದರೆ ಹೆಚ್ಚುವರಿ ಬಲ 2,400 ನ್ಯೂಟನ್. ಇದನ್ನು 600ರಿಂದ ಭಾಗಿಸಿದರೆ ಒಡಲಿನ ಉತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರ್. ಇನ್ನೊಂದು ಟನ್ ಸರಕು ಹೇರಿದರೆ ಅದೇ ಉಬ್ಬಿನಿಂದ ಉತ್ಕರ್ಷ ಕೇವಲ 1.5. ಹೊರೆ ಹೊತ್ತ ಲಾರಿ ಖಾಲಿ ಲಾರಿಗಿಂತ ಮೆತ್ತಗೆ ಸಾಗುವುದು ಇದರಿಂದಲೇ.

ಎತ್ತರಿಸಲು ಅಗ್ಗದ ಉಪಾಯವೆಂದರೆ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಇದರಿಂದ ಬಲಸ್ಥಿರಾಂಕ ಕಾಲು ಭಾಗ ಹೆಚ್ಚಿತೆನ್ನಿ. ಖಾಲಿ ವಾಹನದ ಉತ್ಕರ್ಷ 5ಕ್ಕೆ, ಅಂದರೆ ಗುರುತ್ವದ ಅರ್ಧದಷ್ಟಕ್ಕೆ ಏರುತ್ತದೆ. ಸಹಜ ಆವರ್ತಾಂಕವೂ 2.25 ಹರ್ಟ್ಸ್‌ನಿಂದ ಸುಮಾರು 2.5ಕ್ಕೆ ಹೋಗುತ್ತದೆ. ಲಂಬ ಕಂಪನಗಳಲ್ಲಿ ಮಾನವ ದೇಹಕ್ಕೆ ಹೆಚ್ಚು ಬಾಧಕವಾದವು 4ರಿಂದ 8 ಹರ್ಟ್ಸ್‌ನವು. ನಾವು ಆ ವಲಯದ ಕಡೆಗೇ ಸರಿದಂತಾಯಿತು!

ಷಾಕ್ ಅಬ್ಸಾರ್ಬರ್‌ನ ಪಾತ್ರ

ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ಮರಳಿಸುತ್ತದೆ. ಆ ಶಕ್ತಿಯನ್ನು ಉಷ್ಣವಾಗಿ ಕಳೆಯುವುದು ಷಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಗ್ಗುವಾಗ ಈ ಅವಮಂದನ ಉಂಟಾಗುತ್ತದೆ. ಅವಮಂದನ ಕಡಿಮೆಯಾದರೆ ವಾಹನ ತೂಗಾಡುತ್ತಲೇ ಇರುತ್ತದೆ. ಅತಿಯಾದರೆ ಚೂಪಾದ ಉಬ್ಬುಗಳ ಹೊಡೆತ ನೇರವಾಗಿ ಒಡಲಿಗೆ ಸಾಗುತ್ತದೆ.

ಒಡಲನ್ನು ಎತ್ತರಿಸಿ ಹಳೆಯ ಷಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಅದು ನಿಂತಲ್ಲೇ ಬಹುಪಾಲು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿಯುವಾಗ ಮತ್ತಷ್ಟು ಚಾಚಲು ಜಾಗವಿಲ್ಲದೆ ಕೊನೆ ಮುಟ್ಟಿ ‘ಠಣ್’ ಎನ್ನುತ್ತದೆ. ಇನ್ನು ದೊಡ್ಡ ಟೈರುಗಳ ಮಾತು. ಚಕ್ರ, ಆಕ್ಸಲ್‌ಗಳ ತೂಕವನ್ನು ಸ್ಪ್ರಿಂಗ್ ಹೊರುವುದಿಲ್ಲ. ಈ ಭಾಗ ಭಾರವಾದಷ್ಟೂ ರಸ್ತೆಯ ಏರಿಳಿತವನ್ನು ಅನುಸರಿಸುವುದು ಚಕ್ರಕ್ಕೆ ಕಷ್ಟವಾಗುತ್ತದೆ.

ಪರಿಹಾರಗಳು

ಮೊದಲು ಟೈರಿನ ಗಾಳಿಯ ಒತ್ತಡವನ್ನು ನೋಡಬೇಕು, ಇದಕ್ಕೆ ಖರ್ಚಿಲ್ಲ. ಟೈರೂ ಒಂದು ಸ್ಪ್ರಿಂಗೇ. ಆ ಟೈರಿನ ಅಳತೆಗೆ ಮತ್ತು ಹೊರೆಗೆ ತಯಾರಕರು ಸೂಚಿಸಿದ ಒತ್ತಡಕ್ಕಿಂತ ಹೆಚ್ಚಿದ್ದರೆ ಇಳಿಸಬೇಕು. ಅದಕ್ಕಿಂತ ಕೆಳಗೆ ಇಳಿಸಿದರೆ ಟೈರು ಬಿಸಿಯಾಗಿ ಒಡೆಯಬಹುದು. ಎರಡನೆಯದಾಗಿ, ಹೊಸ ಎತ್ತರಕ್ಕೆ ತಕ್ಕ ಉದ್ದದ, ಸ್ಪ್ರಿಂಗಿಗೆ ಹೊಂದುವ ಷಾಕ್ ಅಬ್ಸಾರ್ಬರ್ ಬೇಕು. ಮೂರನೆಯದಾಗಿ, ಸೇರಿಸಿದ ಪಟ್ಟಿಯನ್ನು ತೆಗೆದು, ದಿನನಿತ್ಯದ ನಿಜವಾದ ಹೊರೆಗೆ ತಕ್ಕ ಪೂರ್ಣ ಕಮಾನನ್ನೇ ಹಾಕಿಸುವುದು ಲೇಸು. ಹೊರೆ ಕಡಿಮೆಯಿದ್ದಾಗ ಮೆದುವಾಗಿದ್ದು, ಹೆಚ್ಚಿದಂತೆ ಗಡುಸಾಗುವ ಕಮಾನುಗಳೂ ಇವೆ. ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೆ ಘರ್ಷಣೆಯಿಂದ ಸಣ್ಣ ಉಬ್ಬುಗಳಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಅದನ್ನು ಶುಚಿಗೊಳಿಸುವುದೂ ಅಗತ್ಯ.

ಸುಖಕ್ಕಿಂತ ಮುಖ್ಯವಾದದ್ದು

ಚಕ್ರಗಳ ನಡುವಣ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿ. ಬರುವ ಸಂಖ್ಯೆ ವಾಹನ ಮಗುಚದೆ ತಾಳಬಲ್ಲ ಪಾರ್ಶ್ವ ಉತ್ಕರ್ಷವನ್ನು ಗುರುತ್ವದ ಅಳತೆಯಲ್ಲಿ ತಿಳಿಸುತ್ತದೆ. ಅಗಲ 1.7 ಮೀ., ಎತ್ತರ 0.70 ಮೀ. ಇದ್ದರೆ ಅದು 1.21. ಗುರುತ್ವ ಕೇಂದ್ರ 8 ಸೆಂ.ಮೀ. ಏರಿದರೆ 1.09. ತಿರುವಿನಲ್ಲಿ ಒಡಲು ವಾಲುವುದರಿಂದ ನಿಜವಾದ ಮಿತಿ ಇನ್ನೂ ಕಡಿಮೆ. ಎಷ್ಟೇ ಒಳ್ಳೆಯ ಷಾಕ್ ಅಬ್ಸಾರ್ಬರ್ ಹಾಕಿಸಿದರೂ ಈ ನಷ್ಟ ಪೂರ್ತಿ ತುಂಬದು. ಆದ್ದರಿಂದ ಎತ್ತರವನ್ನು ಅಗತ್ಯವಿದ್ದಷ್ಟಕ್ಕೇ ಮಿತಗೊಳಿಸುವುದು ಜಾಣತನ. ನಮ್ಮಲ್ಲಂತೂ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣ ನಿರ್ಬಂಧಿಸುತ್ತದೆ.

ಮಾಡಿ ನೋಡಿ

ಪ್ರಯೋಗಾಲಯದ ಸ್ಪ್ರಿಂಗಿಗೆ 200 ಗ್ರಾಂ ತೂಗುಹಾಕಿ, 20 ಆಂದೋಲನಗಳ ಕಾಲವನ್ನು ಅಳೆಯಿರಿ. 400 ಗ್ರಾಂ ಹಾಕಿ ಮತ್ತೆ ಅಳೆದರೆ ಕಾಲ ಸುಮಾರು 1.4 ಪಟ್ಟಾಗುತ್ತದೆ. ಈಗ ಅಂಥದೇ ಇನ್ನೊಂದು ಸ್ಪ್ರಿಂಗನ್ನು ಪಕ್ಕದಲ್ಲಿ ಜೋಡಿಸಿ ಅದೇ 400 ಗ್ರಾಂ ತೂಗಿಸಿ. ಕಾಲ ಮೊದಲಿನಷ್ಟಕ್ಕೇ ಮರಳುತ್ತದೆ. ಕೊನೆಗೆ ತೂಕವನ್ನು ನೀರಿನಲ್ಲಿ, ಬಳಿಕ ಹರಳೆಣ್ಣೆಯಲ್ಲಿ ಮುಳುಗಿಸಿ ಆಡಿಸಿ. ಆಂದೋಲನ ಎಲ್ಲಿ ಬೇಗ ಅಡಗುತ್ತದೆ? ಏಕೆ? ವಿದ್ಯಾರ್ಥಿಗಳೇ ಹೇಳಲಿ.