ಕಾರಿಲ್ಲದೆ ಕಾಲಾಡದ ನಾಡು

ಕೃಷ್ಣಾ ತೀರದ ಗಲಗಲಿಯಿಂದ ಮುಧೋಳಕ್ಕೋ ಬೀಳಗಿಗೋ ಹೋಗಬೇಕಾದವರಿಗೆ ಸ್ವಂತ ವಾಹನವೇ ಬೇಕೆಂದಿಲ್ಲ. ಕೆಂಪು ಬಸ್ಸು ಬರುತ್ತದೆ. ಅದು ತಡವಾದರೆ ಟಂಟಂ, ಅದೂ ಇಲ್ಲದಿದ್ದರೆ ಪರಿಚಯದವರ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಶಾಲೆ, ಗುಡಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ.

ಇಂಥ ಊರಿನಲ್ಲಿ ಬೆಳೆದು, ಬಸ್ ಪಾಸಿನಲ್ಲೇ ಕಾಲೇಜು ಮುಗಿಸಿದ ಹುಡುಗನೊಬ್ಬ ಬ್ಯಾಂಕಿನ ಸಾಲ ಮಾಡಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೋದನೆಂದು ಭಾವಿಸಿ. ಮೊದಲ ವಾರವೇ ಅವನಿಗೆ ಹೊಸ ಪಾಠ. ಹಾಲು, ಅಕ್ಕಿ ಸಿಗುವ ಅಂಗಡಿ ಎರಡು ಮೈಲಿ ಆಚೆ. ಹೋಗುವ ರಸ್ತೆಗೆ ಕಾಲುದಾರಿಯೇ ಇಲ್ಲ. ಬಸ್ಸು ಗಂಟೆಗೊಂದು, ಭಾನುವಾರ ಅದೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಮನೆಗೆ ಫೋನು ಬರುತ್ತದೆ: "ಅಪ್ಪಾ, ಇಲ್ಲಿ ಒಂದು ಹಳೇ ಕಾರು ತಗೋಬೇಕು." ಈ ಕಡೆಯಿಂದ ಉತ್ತರವೂ ಸಿದ್ಧ: "ಓದಾಕ ಹೋಗಿಯೋ, ಕಾರಿನ್ಯಾಗ ತಿರಗಾಕ ಹೋಗಿಯೋ?"

ತಂದೆಯ ಸಿಟ್ಟೂ ಸುಳ್ಳಲ್ಲ, ಮಗನ ಕಷ್ಟವೂ ಸುಳ್ಳಲ್ಲ. ನಮ್ಮಲ್ಲಿ ಕಾರೆಂದರೆ ಅನುಕೂಲಸ್ಥರ ಗುರುತು. ಅಮೆರಿಕದ ಬಹುಪಾಲು ಊರುಗಳಲ್ಲಿ ಅದು ಚಪ್ಪಲಿ, ಛತ್ರಿಯಷ್ಟೇ ಸಾಮಾನ್ಯವಾದ ಅಗತ್ಯ. ಹೀಗೇಕಾಯಿತು? ಆ ನಾಡು ಹುಟ್ಟಿದಾಗಲೇ ಹೀಗಿತ್ತೇ? ಖಂಡಿತ ಇರಲಿಲ್ಲ.

ರೈತನ ಮನೆಗೆ ಬಂದ ಕಾರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲೂ ಕಾರು ಶ್ರೀಮಂತರ ಆಟಿಕೆಯೇ ಆಗಿತ್ತು. ಅದನ್ನು ಬದಲಿಸಿದವನು ಮಿಷಿಗನ್ ರಾಜ್ಯದ ರೈತನ ಮಗ ಹೆನ್ರಿ ಫೋರ್ಡ್. 1908ರಲ್ಲಿ ಅವನು 'ಮಾಡೆಲ್ ಟಿ' ಕಾರನ್ನು ಹೊರತಂದಾಗ ಅದರ ಬೆಲೆ ಸುಮಾರು 850 ಡಾಲರ್. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲೇ ನಿಂತ, ಕಾರೇ ಅವನ ಮುಂದೆ ಸರಿದು ಹೋಗತೊಡಗಿತು. ಒಬ್ಬೊಬ್ಬನದೂ ಒಂದೊಂದೇ ಕೆಲಸ. ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಜೋಡಣೆ ಒಂದೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳ ಘೋಷಿಸಿದ. 1920ರ ದಶಕದ ನಡುವೆ ಕಾರಿನ ಬೆಲೆ 300 ಡಾಲರ್‌ಗಿಂತ ಕೆಳಗಿಳಿಯಿತು. 1927ರಲ್ಲಿ ಮಾಡೆಲ್ ಟಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. ಕಾರು ಮಾಡುವ ಕೂಲಿಕಾರನೇ ಕಾರು ಕೊಳ್ಳುವ ಕಾಲ ಬಂದಿತ್ತು.

ಹಾಗೆಂದು ಊರುಗಳಲ್ಲಿ ಬೇರೆ ಸಾರಿಗೆ ಇರಲಿಲ್ಲವೆಂದಲ್ಲ. ಇಂದು ಕಾರುಗಳ ದಟ್ಟಣೆಗೆ ಹೆಸರಾದ ಲಾಸ್ ಏಂಜಲೀಸ್ ಸುತ್ತ ಒಂದು ಕಾಲಕ್ಕೆ ಸುಮಾರು ಸಾವಿರ ಮೈಲಿಯಷ್ಟು ಟ್ರಾಮ್ ಹಳಿಗಳಿದ್ದವು. ಗಲಗಲಿಯವರಿಗೆ ಕೆಂಪು ಬಸ್ಸು ಹೇಗೋ, ಅಲ್ಲಿಯವರಿಗೆ ಹಾಗೆ 'ಕೆಂಪು ಕಾರು' ಎಂದೇ ಹೆಸರಾದ ಟ್ರಾಮು. ಜನ ಸ್ವಂತ ಕಾರು ಕೊಂಡಂತೆ ಟ್ರಾಮಿನ ಆದಾಯ ಇಳಿಯಿತು. ಆದಾಯ ಇಳಿದಂತೆ ಓಡಾಟ ಕಡಿಮೆಯಾಯಿತು. ಓಡಾಟ ಕಡಿಮೆಯಾದಂತೆ ಉಳಿದವರೂ ಕಾರು ಕೊಂಡರು. ಕೊನೆಯ ಕೆಂಪು ಟ್ರಾಮು 1961ರಲ್ಲಿ ನಿಂತಿತು.

ರಸ್ತೆ ಹಾಕಿದ್ದು ಸರ್ಕಾರ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಬದಲಾವಣೆಗೆ ವೇಗ ಬಂತು. 1944ರ ಕಾನೂನಿನಂತೆ ಯುದ್ಧದಿಂದ ಮರಳಿದ ಸೈನಿಕರಿಗೆ ಮನೆ ಕೊಳ್ಳಲು ಸುಲಭ ಸಾಲ ದೊರೆಯಿತು. 1947ರಲ್ಲಿ ನ್ಯೂಯಾರ್ಕ್ ನಗರದ ಹೊರಗೆ ಲೆವಿಟೌನ್ ಎಂಬ ಬಡಾವಣೆ ಎದ್ದಿತು. ಅದೇ ಮಾದರಿಯಲ್ಲಿ ದೇಶದ ತುಂಬ ಬಡಾವಣೆಗಳಾದವು. ಮನೆಗಳಿರುವಲ್ಲಿ ಅಂಗಡಿ ಇಲ್ಲ, ಅಂಗಡಿ ಇರುವಲ್ಲಿ ಮನೆ ಇಲ್ಲ ಎಂಬಂತೆ ನಗರ ಯೋಜನೆಯ ನಿಯಮಗಳೂ ಇದ್ದವು.

ಅಧ್ಯಕ್ಷ ಐಸೆನ್‌ಹೋವರ್ ತರುಣ ಸೇನಾಧಿಕಾರಿಯಾಗಿದ್ದಾಗ, 1919ರಲ್ಲಿ, ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಸೇನಾ ವಾಹನಗಳ ಸಾಲಿನೊಡನೆ ಹೋಗಿದ್ದರು. ಕೆಸರು, ಮುರಿದ ಸೇತುವೆಗಳ ದಾರಿಯಲ್ಲಿ ಆ ಪ್ರಯಾಣಕ್ಕೆ ಎರಡು ತಿಂಗಳು ಹಿಡಿಯಿತು. ಅದನ್ನು ಅವರು ಮರೆಯಲಿಲ್ಲ. 1956ರಲ್ಲಿ ಅವರು ಸಹಿ ಹಾಕಿದ ಕಾನೂನು 41,000 ಮೈಲಿಗಳ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ವೆಚ್ಚದ ನೂರಕ್ಕೆ 90 ಪಾಲು ಕೇಂದ್ರ ಸರ್ಕಾರದ್ದು.

ಹೆದ್ದಾರಿಯ ಬದಿಗೆ ಹೊಸ ಬದುಕೇ ಬೆಳೆಯಿತು. ಕಾರಿನಲ್ಲೇ ಕುಳಿತು ಸಿನೆಮಾ ನೋಡುವ ಬಯಲು ಚಿತ್ರಮಂದಿರ 1933ರಲ್ಲೇ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಆರಂಭವಾಗಿತ್ತು. ಬಳಿಕ ಮೋಟೆಲು, ಕಾರಿನ ಕಿಟಕಿಗೇ ಊಟ ಕೊಡುವ ಹೋಟೆಲು ಎಲ್ಲ ಕಡೆ ಬಂದವು. ಹದಿನಾರು ತುಂಬಿದ ಮಕ್ಕಳಿಗೆ ಲೈಸೆನ್ಸು ಸಿಗುವುದೆಂದರೆ ಅಲ್ಲಿ ಮನೆಮನೆಯ ಸಂಭ್ರಮ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ದೂರ ಪ್ರಯಾಣ ಹೊರಟ ಕಪ್ಪು ಜನರಿಗೆ ಎಷ್ಟೋ ಹೋಟೆಲುಗಳಲ್ಲಿ ಊಟ, ವಸತಿ ಸಿಗುತ್ತಿರಲಿಲ್ಲ. ಎಲ್ಲಿ ತಂಗಬಹುದು, ಎಲ್ಲಿ ಪೆಟ್ರೋಲು ಸಿಗುತ್ತದೆ ಎಂದು ತಿಳಿಸುವ 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನು ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಲ್ಲಿ ಆರಂಭಿಸಿದ. ಹೆದ್ದಾರಿಗಾಗಿ ಒಡೆದ ಕೇರಿಗಳಲ್ಲಿ ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್‌ನಂಥ ಕಪ್ಪು ಜನರ ಬಡಾವಣೆಗಳು ಅನೇಕ. ಕಾರಿನ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಸಮನಾಗಿ ದಕ್ಕಲಿಲ್ಲ.

ನೋಡಲು ಹೋದ ಕನ್ನಡಿಗ

ಅಮೆರಿಕದ ಕಾರನ್ನು ಕಣ್ಣಾರೆ ಕಂಡು ಬಂದ ಹಿಂದಿನ ತಲೆಮಾರಿನ ಕನ್ನಡಿಗರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೋಟಾರು ಉದ್ಯಮದ ಅಧ್ಯಯನಕ್ಕೆಂದೇ ಅವರು ಯೂರೋಪು, ಅಮೆರಿಕ ಸುತ್ತಿದರು. ಅವರ ಕಣ್ಣು ಕಾರಿನ ಹೊಳಪಿನ ಮೇಲಿರಲಿಲ್ಲ. ಅದು ತಯಾರಾಗುವ ಬಗೆ, ತಗಲುವ ಬಂಡವಾಳ, ಹುಟ್ಟುವ ಉದ್ಯೋಗ, ಇವುಗಳ ಮೇಲಿತ್ತು.

ಅವರ ಯೋಜನೆಗೆ ಉದ್ಯಮಿ ವಾಲಚಂದ ಹೀರಾಚಂದ ಕೈಜೋಡಿಸಿದರು. 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವೂ ಆಯಿತು. ಕಾರ್ಖಾನೆಗೆ ನೆರವಾಗಲು ಮೈಸೂರು ಸಂಸ್ಥಾನ ಸಿದ್ಧವಿತ್ತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. ಬದಲಿಗೆ ಅದೇ ವಾಲಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಕಂಪನಿಯಾಗಿ ಕೈಗೂಡಿತು. ಪರದೇಶಕ್ಕೆ ಹೋಗುವ ವಿದ್ಯಾರ್ಥಿಗೆ ವಿಶ್ವೇಶ್ವರಯ್ಯನವರ ನೋಟವೇ ಪಾಠ: ಕಂಡದ್ದಕ್ಕೆ ಬೆರಗಾಗುವುದಲ್ಲ, ಅದರ ಕಾರಣ ತಿಳಿಯುವುದು.

ಹೊರಡುವ ಮುನ್ನ

ಕಾರಣ ತಿಳಿದರೆ ಉಪಾಯವೂ ಹೊಳೆಯುತ್ತದೆ. ಎಲ್ಲ ಊರೂ ಒಂದೇ ತೆರನಲ್ಲ. ನ್ಯೂಯಾರ್ಕ್ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕಾರೇ ಇಲ್ಲ. ಬಾಸ್ಟನ್, ಷಿಕಾಗೊಗಳಲ್ಲೂ ರೈಲು, ಬಸ್ಸು ಚೆನ್ನಾಗಿವೆ. ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಬಸ್ಸಿನ ಸೌಕರ್ಯ ಕೊಡುತ್ತವೆ. ಕಾಲೇಜು ಆರಿಸುವಾಗ ಫೀಸಿನ ಜೊತೆಗೆ ಇದನ್ನೂ ವಿಚಾರಿಸಬೇಕು. ಬಸ್ಸಿನ ದಾರಿಯಲ್ಲಿರುವ ಕೋಣೆಗೆ ಬಾಡಿಗೆ ತುಸು ಹೆಚ್ಚಾದರೂ ಕಾರಿನ ಕಂತು, ವಿಮೆ, ಪೆಟ್ರೋಲು, ದುರಸ್ತಿಗಳ ಲೆಕ್ಕ ಹಾಕಿದರೆ ಅದೇ ಅಗ್ಗವಾಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಅಲ್ಲಿಯೂ ಸಲ್ಲುತ್ತದೆ.

ಕಾರು ಅನಿವಾರ್ಯವೇ ಆದರೆ ನಿಯಮ ತಿಳಿದಿರಬೇಕು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಲೈಸೆನ್ಸಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಮೆ ಬಹುತೇಕ ಎಲ್ಲೆಡೆ ಕಡ್ಡಾಯ. 'ಸ್ಟಾಪ್' ಫಲಕ ಕಂಡಲ್ಲಿ, ಎದುರಿಗೆ ಯಾರೂ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಶಾಲೆಯ ಹಳದಿ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನ ವಾಹನ ನಿಲ್ಲಲೇಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ತಡೆದರೆ ಬದಿಗೆ ನಿಲ್ಲಿಸಿ, ಕೆಳಗಿಳಿಯದೆ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟು ಕುಳಿತಿರಬೇಕು. ನಮ್ಮಲ್ಲಿಯಂತೆ ಇಳಿದು ಹೋಗಿ ಮಾತಾಡಿಸಿದರೆ ಅದು ಅಪಾಯಕ್ಕೆ ಎಡೆಮಾಡಬಹುದು. ಕುಡಿದು ಓಡಿಸಿ ಸಿಕ್ಕಿಬಿದ್ದರೆ ವೀಸಾ ರದ್ದಾಗುವ ಸಂಭವವಿದೆ. ಮನೆಯವರ ಸಾಲ, ಮಗನ ಓದು ಎರಡೂ ಒಂದೇ ರಾತ್ರಿಯಲ್ಲಿ ನೀರುಪಾಲು.

ಅಷ್ಟು ಅಗಲದ ರಸ್ತೆ, ಅಷ್ಟು ಕಟ್ಟುನಿಟ್ಟಿನ ನಿಯಮಗಳಿದ್ದೂ ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 40,000 ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಿದ್ದಾರೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ.

ಒಮ್ಮೆ ಹಳಿ ಕಿತ್ತ ಲಾಸ್ ಏಂಜಲೀಸ್ 1990ರಿಂದ ಮತ್ತೆ ರೈಲು ಹಾಕುತ್ತಿದೆ, ಕೋಟಿ ಕೋಟಿ ಡಾಲರ್ ಸುರಿಯುತ್ತಿದೆ. ಬಿಟ್ಟುಕೊಡುವುದು ಸುಲಭ, ಮರಳಿ ಕಟ್ಟುವುದು ಕಷ್ಟ. ಗಲಗಲಿಯ ನಿಲ್ದಾಣದಲ್ಲಿ ಬಸ್ಸು ತಡವಾಯಿತೆಂದು ಗೊಣಗುವ ವಿದ್ಯಾರ್ಥಿಗಳೂ, ಹೊಸ ಬೈಕು ಕೊಡಿಸಲೋ ಬೇಡವೋ ಎಂದು ಯೋಚಿಸುವ ಪಾಲಕರೂ ಈ ಮಾತನ್ನು ನೆನಪಿಡುವುದು ಒಳ್ಳೆಯದು. ಬಸ್ಸು ತಡವಾದರೆ ಸಕಾಲಕ್ಕೆ ಬಿಡಿರೆಂದು ಕೇಳಬೇಕು. ಅದು ಬೇಡವೇ ಬೇಡ ಎನ್ನುವ ಸ್ಥಿತಿ ಬಂದರೆ, ನಾಳೆ ಕೇಳಲು ಬಸ್ಸೇ ಇರುವುದಿಲ್ಲ.